ಲಿಂಬಿ ಗಿಡದ ಕೆಳಗೆ ಒಂದು ನೀಲಿ ಮೊಟ್ಟೆ

ಮಿರಗದ ಮಳೆ ಹಿಡಿದು ಎರಡು ದಿನವಾಗಿತ್ತು. ಕರೆಂಟು ಹೋಗಿ ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಆ ಸದ್ದು ನಿಂತಾಗಲೇ ನಮ್ಮೂರಲ್ಲಿ ಹಕ್ಕಿಗಳೂ ಇವೆ ಎಂದು ಗೊತ್ತಾಗುವುದು. ಹಿತ್ತಲಿಗೆ ಹೋದವನಿಗೆ ಲಿಂಬಿ ಗಿಡದ ಕೆಳಗೆ, ಹಸಿ ಮಣ್ಣಿನ ಮೇಲೆ, ಒಂದು ಮೊಟ್ಟೆ ಕಂಡಿತು. ಬೋರೆ ಹಣ್ಣಿಗಿಂತ ಸ್ವಲ್ಪ ದೊಡ್ಡದು. ಚುಕ್ಕೆಯಿಲ್ಲ, ಗೆರೆಯಿಲ್ಲ. ಇಳಕಲ್ಲ ಸೀರೆಯ ಅಂಚಿನಲ್ಲಿ ಕೂಡ ನಾನು ನೋಡಿರದಂಥ ಹೊಳೆಯುವ ನೀಲಿ. ಒಡೆದಿರಲಿಲ್ಲ.

ಕೈಚಾಚುವಷ್ಟರಲ್ಲಿ ಪಕ್ಕದ ಮನೆಯ ದೊಡ್ಡವ್ವ ಗೋಡೆಯಾಚೆಯಿಂದ ಕೂಗಿದಳು: "ಮುಟ್ಟಬ್ಯಾಡೊ ತಮ್ಮಾ! ಮನಶ್ಯಾರ ವಾಸನಿ ಹತ್ತಿದ್ರ ತಾಯಿ ಹೊಳ್ಳಿ ಬರೂದಿಲ್ಲ." ಕೈ ಹಿಂದೆ ತೆಗೆದೆ. ಆಮೇಲೆ ಅವಳೇ ಗೋಡೆಯ ಮೇಲಿಂದ ಇಣುಕಿ ಕೇಳಿದಳು: "ಯಾವುದರದ ಅದು?"

ಸರಳ ಪ್ರಶ್ನೆ. ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದಾಗ ತಿಳಿದದ್ದು ಇಷ್ಟು: ದಿಕ್ಕಿಲ್ಲದ ಮೊಟ್ಟೆಯೊಂದು ಕಣ್ಣಿಗೆ ಬಿದ್ದಾಗ "ಇದು ಯಾರದು" ಎಂದು ಮನುಷ್ಯ ಬಹಳ ಹಿಂದಿನಿಂದಲೂ ಕೇಳುತ್ತ ಬಂದಿದ್ದಾನೆ. ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳ ಮೇಲೆ ಹಕ್ಕಿಗಳ ಬದುಕೂ ನಿಂತಿದೆ.

ಮೊದಲು ನಮ್ಮ ಮೊಟ್ಟೆಯನ್ನೇ ನೋಡೋಣ. ಬಯಲುಸೀಮೆಯ ಹಿತ್ತಲುಗಳಲ್ಲಿ, ಲಿಂಬೆ-ಜಾಲಿಯಂಥ ಮುಳ್ಳುಗಿಡಗಳಲ್ಲಿ ಗೂಡು ಕಟ್ಟಿ, ಅಪ್ಪಟ ನೀಲಿ ಮೊಟ್ಟೆ ಇಡುವುದು ಹರಟೆಮಲ್ಲ. ಆರೋ ಎಂಟೋ ಗುಂಪು ಸೇರಿ, ನೆಲದ ಮೇಲೆ ಕುಪ್ಪಳಿಸುತ್ತ, ಇಡೀ ದಿನ ಜಗಳವಾಡಿದಂತೆ ಮಾತಾಡುವ ಬೂದು ಬಣ್ಣದ ಹಕ್ಕಿ. ನಮ್ಮ ಹಿತ್ತಲಲ್ಲೂ ಅದರ ಸಂಸಾರವಿತ್ತು. ಅಲ್ಲಿಗೆ ಪ್ರಶ್ನೆ ಮುಗಿಯಬೇಕಿತ್ತು. ಆದರೆ ಅದೇ ಮಿರಗದ ಮೋಡದೊಂದಿಗೆ ಇನ್ನೊಂದು ಹಕ್ಕಿಯೂ ನಮ್ಮ ಸೀಮೆಗೆ ಬಂದಿಳಿಯುತ್ತದೆ. ತಲೆಯ ಮೇಲೆ ಜುಟ್ಟು, ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಅದು ಚಾತಕ. ಆಫ್ರಿಕಾದಿಂದ ಕಡಲು ದಾಟಿ ಬರುವ ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಹರಟೆಮಲ್ಲನ ಗೂಡಿನ ಅಂಚಿನಲ್ಲಿ ಕೂತು, ಅವಸರದಲ್ಲಿ ತನ್ನ ಮೊಟ್ಟೆಯನ್ನು ಒಳಗೆ ಬೀಳಿಸಿ ಹಾರಿಹೋಗುತ್ತದೆ. ಬೀಳುವ ರಭಸಕ್ಕೆ ಒಳಗಿದ್ದ ಒಂದೆರಡು ಮೊಟ್ಟೆ ಬಿರುಕು ಬಿಡುವುದೂ ಉಂಟು. ಚಾತಕದ ಮೊಟ್ಟೆಯೂ ಹೆಚ್ಚುಕಡಿಮೆ ಅದೇ ಅಳತೆ, ಅದೇ ನೀಲಿ.

ಅಂದರೆ ನಮ್ಮ ಮೊಟ್ಟೆಯ ತಾಯಿ ಮೇಲಿನ ಟೊಂಗೆಯಲ್ಲಿ ಗದ್ದಲ ಮಾಡುತ್ತಿದ್ದ ಹರಟೆಮಲ್ಲ ಇರಬಹುದು, ಅರಬ್ಬಿ ಸಮುದ್ರ ದಾಟಿ ಬಂದ ಚಾತಕವೂ ಇರಬಹುದು. ಹೊರಗಿನ ಚಿಪ್ಪು ನೋಡಿ ಹೇಳುವುದು ಕಷ್ಟ. ಹೊತ್ತುಗೊತ್ತಿಲ್ಲದೆ ಕಾವು ಕೊಡುವ ಹರಟೆಮಲ್ಲನಿಗೇ ತಿಳಿಯದ್ದು ನಮಗೆ ಹೇಗೆ ತಿಳಿದೀತು?

ನಮ್ಮ ಕಾವ್ಯಗಳು ಈ ಎರಡು ಮನೆತನದ ಗುಟ್ಟನ್ನು ಕೋಗಿಲೆಯ ವಿಷಯದಲ್ಲಿ ಚೆನ್ನಾಗಿ ಬಲ್ಲವು. ಸಂಸ್ಕೃತದಲ್ಲಿ ಕೋಗಿಲೆಗೆ 'ಪರಭೃತ' ಎಂಬ ಹೆಸರೇ ಇದೆ. ಇನ್ನೊಬ್ಬರಿಂದ ಸಾಕಿಸಿಕೊಂಡದ್ದು ಎಂದರ್ಥ. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತ ತುಂಬಿದ ಸಭೆಯಲ್ಲಿ ಗರ್ಭಿಣಿ ಶಕುಂತಲೆಯನ್ನು ಅವಮಾನಿಸುವುದು ಈ ಹಕ್ಕಿಯ ಮಾತೆತ್ತಿಯೇ. ಕೋಗಿಲೆ ತನ್ನ ಮರಿಗಳನ್ನು ಬೇರೆ ಹಕ್ಕಿಯಿಂದ ಸಾಕಿಸುತ್ತದೆ, ಹೆಣ್ಣಿನ ಚಾತುರ್ಯ ಹುಟ್ಟಿನಿಂದಲೇ ಬಂದದ್ದು ಎಂದು ಚುಚ್ಚುತ್ತಾನೆ. ತಂದೆ-ತಾಯಿ ಬಿಟ್ಟುಹೋದ ಮಗುವನ್ನು ಹಕ್ಕಿಗಳು ಕಾದವು, ಕಣ್ವ ಸಾಕಿದ ಎಂಬುದು ಶಕುಂತಲೆಯದೇ ಕಥೆ. ಅವಳ ಹೆಸರಿನೊಳಗೇ 'ಶಕುಂತ', ಅಂದರೆ ಹಕ್ಕಿ, ಕೂತಿದೆ. ಆ ಮಾತು ಅವಳಿಗೆ ಎಷ್ಟು ಆಳಕ್ಕೆ ನಾಟಿತೆಂದು ಊಹಿಸಬಹುದು. ಚಾತಕಕ್ಕೆ ಮಾತ್ರ ಕಾವ್ಯದಲ್ಲಿ ಬೇರೆಯೇ ಪಾತ್ರ: ಮಳೆಹನಿಗಾಗಿ ಬಾಯ್ದೆರೆದು ಕಾಯುವ ನಿಷ್ಠಾವಂತ. ಮೋಡ ನೋಡುತ್ತ ಕೂತ ರೈತರ ನಾಡಿಗೆ ಅದರ ಬಾಯಾರಿಕೆ ಕಂಡಿತು. ಹರಟೆಮಲ್ಲನ ಗೂಡಿಗೆ ಅದು ಗುಟ್ಟಾಗಿ ಹೋಗಿಬಂದದ್ದು ಕಾಣಲಿಲ್ಲ.

ಬಿದ್ದ ಮೊಟ್ಟೆಯ ಬಗ್ಗೆ ನನಗೆ ಗೊತ್ತಿರುವ ದೊಡ್ಡ ಕಥೆ ಇರುವುದು ಮಾರ್ಕಂಡೇಯ ಪುರಾಣದಲ್ಲಿ. ನವರಾತ್ರಿಯಲ್ಲಿ ಪಾರಾಯಣ ಮಾಡುವ ದೇವೀ ಮಹಾತ್ಮ್ಯೆ ಇರುವ ಪುರಾಣವೇ ಅದು. ಕುರುಕ್ಷೇತ್ರದಲ್ಲಿ ಭಗದತ್ತನ ಮೇಲೆ ಅರ್ಜುನ ಬಿಟ್ಟ ಬಾಣ, ಆಗಸದಲ್ಲಿ ಹಾರುತ್ತಿದ್ದ ಬಸುರಿ ಹಕ್ಕಿಯೊಂದರ ಹೊಟ್ಟೆ ಸೀಳುತ್ತದೆ. ನಾಲ್ಕು ಮೊಟ್ಟೆಗಳು ಕೆಳಗೆ ಬೀಳುತ್ತವೆ. ಅದೇ ಹೊತ್ತಿಗೆ ಭಗದತ್ತನ ಆನೆ ಸುಪ್ರತೀಕದ ಕೊರಳ ಗಂಟೆ ಹರಿದು, ಆ ಮೊಟ್ಟೆಗಳ ಮೇಲೆ ಮುಚ್ಚಳದಂತೆ ಬೋರಲು ಬೀಳುತ್ತದೆ. ಮೇಲೆ ಹದಿನೆಂಟು ಅಕ್ಷೋಹಿಣಿ ಸೈನ್ಯ ಸಾಯುತ್ತಿರುವಾಗ ಆ ಗಂಟೆಯೊಳಗೆ ಮೊಟ್ಟೆ ಬಲಿತು ಮರಿಯಾಗುತ್ತವೆ. ಯುದ್ಧ ಮುಗಿದ ಮೇಲೆ ಶಮೀಕನೆಂಬ ಋಷಿ ಶಿಷ್ಯರೊಂದಿಗೆ ಅಲ್ಲಿಗೆ ಬಂದು, ಚಿಲಿಪಿಲಿ ಕೇಳಿ, ಗಂಟೆ ಎತ್ತಿ ನೋಡುತ್ತಾನೆ. ರೆಕ್ಕೆ ಬಾರದ ನಾಲ್ಕು ಮರಿಗಳು. ಇಷ್ಟು ದೊಡ್ಡ ಸಾವಿನಲ್ಲಿ ಇವು ಉಳಿದವೆಂದರೆ ಕಾದದ್ದು ವಿಧಿಯೇ, ಆದರೂ ಮನುಷ್ಯ ತನ್ನ ಪ್ರಯತ್ನ ಬಿಡಬಾರದು ಎಂದು ಶಿಷ್ಯರಿಗೆ ಹೇಳಿ, ಬೆಕ್ಕು-ಇಲಿ-ಗಿಡುಗಗಳ ಭಯವಿಲ್ಲದ ಕಡೆ ಅವನ್ನು ಇರಿಸುವ ಏರ್ಪಾಡು ಮಾಡುತ್ತಾನೆ. ಮುಂದೆ ಮಹಾಭಾರತದ ಬಗ್ಗೆ ಜೈಮಿನಿಗೆ ಹುಟ್ಟಿದ ಸಂಶಯಗಳನ್ನು ಪರಿಹರಿಸುವವು ಇದೇ ಹಕ್ಕಿಗಳು.

ಮುಧೋಳದವರಿಗೆ ಆ ರಣರಂಗ ಹೊಸದೇನಲ್ಲ. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ನಮ್ಮ ರನ್ನ ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ನಡೆಸಿದ್ದು ಅದೇ ನೆಲದ ಮೇಲೆ. ದ್ರೋಣ, ದುಶ್ಶಾಸನ, ಕರ್ಣ ಎಂದು ಒಂದೊಂದೇ ಹೆಣದ ಮುಂದೆ ನಿಂತು ದುರ್ಯೋಧನ ಅಳುತ್ತಾನೆ. ಗಂಟೆಯ ಕಥೆ ರನ್ನನದಲ್ಲ. ಆದರೆ ಗದಾಯುದ್ಧ ಓದಿದ ಮೇಲೆ ಮಾರ್ಕಂಡೇಯ ಪುರಾಣದ ಆ ಭಾಗ ಓದಿದರೆ, ದುರ್ಯೋಧನ ನಡೆದ ದಾರಿಯ ಪಕ್ಕದಲ್ಲೆಲ್ಲೋ ಆ ಗಂಟೆ ಬೋರಲು ಬಿದ್ದಿತ್ತು ಅನಿಸದೆ ಇರದು. ಪುರಾಣದ ಉತ್ತರ ಸ್ಪಷ್ಟವಾಗಿದೆ. ತಾಯಿ ಸತ್ತ ಮೊಟ್ಟೆ, ಕಂಡವನ ಹೊಣೆ.

ಇನ್ನೊಂದು ಕಥೆ ಅದೇ ಹೊಣೆಗೆ ಮಿತಿಯನ್ನೂ ಹಾಕುತ್ತದೆ. ಸವತಿಯ ಮಕ್ಕಳು ಮೊದಲು ಹುಟ್ಟಿದರೆಂದು ಸಂಕಟಪಟ್ಟ ವಿನತೆ ತನ್ನ ಎರಡು ಮೊಟ್ಟೆಗಳಲ್ಲಿ ಒಂದನ್ನು ಅವಧಿಗೆ ಮುಂಚೆ ಒಡೆದು ನೋಡಿದಳು. ಅರ್ಧ ಮೈ ಮಾತ್ರ ಬೆಳೆದಿದ್ದ ಅರುಣ ಹೊರಬಂದು ತಾಯಿಗೇ ಶಾಪ ಕೊಟ್ಟ. ಎರಡನೆಯದನ್ನು ಅವಳು ಮುಟ್ಟದೆ ಕಾದಳು, ಗರುಡ ಬಂದ. ಹಕ್ಕಿಗೆ ನಮ್ಮವರು 'ದ್ವಿಜ' ಎಂದದ್ದು ಸುಮ್ಮನಲ್ಲ. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಒಮ್ಮೆ, ಅದು ಎರಡು ಸಲ ಹುಟ್ಟಬೇಕು. ನಡುವಿನ ಕಾಲ ಯಾರ ಕೈಗೂ ಸೇರಿದ್ದಲ್ಲ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಉತ್ತರ ಪೂರ್ತಿ ಬದಲಾಗುತ್ತದೆ. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಇಂಗ್ಲಿಷರು ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಈ ಸೀಮೆಯನ್ನು ದಕ್ಷಿಣ ಮರಾಠಾ ದೇಶ ಎನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ಹುಡುಗರು ಗೂಡುಗಳಿಂದ ಮೊಟ್ಟೆ ಕದ್ದು ಪೆಟ್ಟಿಗೆಯಲ್ಲಿ ಜೋಡಿಸುವುದು ಆಟವಾಗಿದ್ದ ಕಾಲ. ಅದೇ ಹುಡುಗರು ದೊಡ್ಡವರಾಗಿ ಕಲೆಕ್ಟರರು, ಸೇನಾಧಿಕಾರಿಗಳು, ಪಾದ್ರಿಗಳಾಗಿ ಇಲ್ಲಿಗೆ ಬಂದಾಗ ಆಟವನ್ನೂ ಜೊತೆಗೆ ತಂದರು. ಮೊಟ್ಟೆಗೆ ಒಂದು ಸಣ್ಣ ತೂತು ಕೊರೆದು, ಊದುಗೊಳವೆಯಿಂದ ಒಳಗಿನದನ್ನೆಲ್ಲ ಹೊರಗೆ ಊದಿ, ಬರಿದಾದ ಚಿಪ್ಪನ್ನು ಹತ್ತಿಯ ಮೇಲಿಟ್ಟು, ದಿನಾಂಕ ಮತ್ತು ಊರಿನ ಹೆಸರು ಬರೆದು ಇಡುವುದು ಅವರ ಕ್ರಮ.

ಈ ಹವ್ಯಾಸವನ್ನು ಭಾರತದಲ್ಲಿ ಶಾಸ್ತ್ರದ ಮಟ್ಟಕ್ಕೆ ಏರಿಸಿದವನು ಅಲನ್ ಆಕ್ಟೇವಿಯನ್ ಹ್ಯೂಮ್. ಶಾಲೆಯ ಪಠ್ಯದಲ್ಲಿ 1885ರ ಕಾಂಗ್ರೆಸ್ ಸ್ಥಾಪನೆಯ ಪುಟದಲ್ಲಿ ನಾವೆಲ್ಲ ಓದಿದ ಹೆಸರು. ಅದಕ್ಕೆ ಮುನ್ನ ಆತ ದೇಶದಲ್ಲೇ ಅತಿ ದೊಡ್ಡ ಹಕ್ಕಿ ಸಂಗ್ರಹಕಾರನಾಗಿದ್ದ. 'ಸ್ಟ್ರೇ ಫೆದರ್ಸ್' ಎಂಬ ಪತ್ರಿಕೆ ನಡೆಸುತ್ತಿದ್ದ. ಭಾರತದ ಹಕ್ಕಿಗಳ ಗೂಡು ಮತ್ತು ಮೊಟ್ಟೆಗಳ ಬಗ್ಗೆ 1873ರಲ್ಲಿ ಪುಸ್ತಕವನ್ನೇ ಹೊರತಂದ. ಊರೂರಿನ ಅಧಿಕಾರಿಗಳು ಅವನಿಗೆ ಬರೆದು ಕಳಿಸುತ್ತಿದ್ದರು. ನಮ್ಮ ಸೀಮೆಯ ಹಕ್ಕಿಗಳೂ ಆ ಪತ್ರಿಕೆಗೆ ಹೋದವು. ಪಾದ್ರಿ ಫೇರ್‌ಬ್ಯಾಂಕ್ ಬೆಳಗಾವಿ ಸುತ್ತಿನ ಹಕ್ಕಿಗಳ ಪಟ್ಟಿ ಕೊಟ್ಟ. ಡೇವಿಡ್‌ಸನ್ ಮತ್ತು ವೆಂಡನ್ 1878ರಲ್ಲಿ ದಖ್ಖನ್ನಿನ ಹಕ್ಕಿಗಳ ಟಿಪ್ಪಣಿ ಬರೆದರು. ಸೇನಾಧಿಕಾರಿ ಬಟ್ಲರ್ 1881ರ ಹೊತ್ತಿಗೆ ದಖ್ಖನ್ ಮತ್ತು ದಕ್ಷಿಣ ಮರಾಠಾ ದೇಶದ ಪಟ್ಟಿಯನ್ನೇ ಸಿದ್ಧಪಡಿಸಿದ. ಇವರ ಕೈಗೆ ಗೂಡು ತೋರಿಸಿದ, ಮರ ಹತ್ತಿ ಮೊಟ್ಟೆ ಇಳಿಸಿದ ನಮ್ಮ ಹುಡುಗರ ಹೆಸರುಗಳನ್ನು ಈ ಪಟ್ಟಿಗಳ ನಡುವೆ ಹುಡುಕುವುದು ವ್ಯರ್ಥ.

ಹ್ಯೂಮನ ಕಥೆಯ ಕೊನೆ ವಿಚಿತ್ರ. ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥ ಬರೆಯಲು ವರ್ಷಗಟ್ಟಲೆ ಕೂಡಿಟ್ಟ ಹಸ್ತಪ್ರತಿಗಳು ಶಿಮ್ಲಾದ ಅವನ ಮನೆಯಿಂದ ಕಳುವಾಗಿ, ಬಜಾರಿನಲ್ಲಿ ರದ್ದಿ ಕಾಗದವಾಗಿ ಮಾರಿಹೋದವು. ಮನಸ್ಸು ಮುರಿದ ಆತ ಸಂಗ್ರಹವನ್ನೆಲ್ಲ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟ. ಅದರಲ್ಲಿದ್ದವು ಸುಮಾರು 82 ಸಾವಿರ ಮಾದರಿಗಳು. ಈ ದೇಶದ ಗೂಡುಗಳಲ್ಲಿ ಮರಿಯಾಗಬೇಕಿದ್ದ ಮೊಟ್ಟೆಗಳು ಹತ್ತಿಯ ಮೇಲೆ ಕೂತು ಹಡಗಿನಲ್ಲಿ ಹೋದವು. ಯಾರದು ಎಂಬ ಪ್ರಶ್ನೆಗೆ ಆ ಕಾಲದ ಉತ್ತರ: ಕಂಡವನದು, ಪೆಟ್ಟಿಗೆ ಇದ್ದವನದು.

ಇಲ್ಲಿ ಸಿಟ್ಟು ಬಂದು ನಿಲ್ಲಿಸಿಬಿಟ್ಟರೆ ಇತಿಹಾಸ ಅರ್ಧ ಆಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ದೊಡ್ಡ ಡೇಗೆ ಹಕ್ಕಿಗಳು ಏಕಾಏಕಿ ಕಡಿಮೆಯಾಗತೊಡಗಿದವು. ಗೂಡಿನಲ್ಲಿ ಮೊಟ್ಟೆಗಳು ತಾಯಿಯ ಭಾರಕ್ಕೇ ಒಡೆಯುತ್ತಿದ್ದವು. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಕಾರರ ಪೆಟ್ಟಿಗೆಗಳನ್ನು ತೆರೆಸಿ, ದಿನಾಂಕ ನೋಡಿ ನೋಡಿ ಚಿಪ್ಪುಗಳನ್ನು ಅಳೆದು ತೂಗಿದ. 1947ರ ಆಸುಪಾಸಿನಿಂದ ಚಿಪ್ಪು ಇದ್ದಕ್ಕಿದ್ದಂತೆ ತೆಳುವಾದದ್ದು ಕಂಡಿತು. 1967ರಲ್ಲಿ ಅದು ಪ್ರಕಟವಾಯಿತು. ಹೊಲಗಳಿಗೆ ಸುರಿದ ಡಿಡಿಟಿ ಆಹಾರದ ಮೂಲಕ ಹಕ್ಕಿಯ ಮೈ ಸೇರಿ, ಚಿಪ್ಪಿಗೆ ಬೇಕಾದ ಸುಣ್ಣ ಸಿಗದಂತೆ ಮಾಡುತ್ತಿತ್ತು ಎಂಬುದಕ್ಕೆ ಆ ಹಳೆಯ ಚಿಪ್ಪುಗಳೇ ಸಾಕ್ಷಿಯಾದವು. ಕದ್ದ ಮೊಟ್ಟೆಗಳು ಉಳಿದ ಮೊಟ್ಟೆಗಳ ಪರವಾಗಿ ಮಾತಾಡಿದವು. ಆದರೆ ಆ ಹೊತ್ತಿಗೆ ಬ್ರಿಟನ್ನಿನಲ್ಲೇ 1954ರ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆ ತೆಗೆಯುವುದನ್ನು ತಡೆದಿತ್ತು.

ನಮ್ಮಲ್ಲಿ 1887ರಲ್ಲಿ, ಮತ್ತೆ 1912ರಲ್ಲಿ, ಕಾಡುಹಕ್ಕಿಗಳಿಗಾಗಿ ಕಾನೂನುಗಳು ಬಂದರೂ ಮೊಟ್ಟೆಯ ಮಾತು ಬಿಡಿಸಿ ಹೇಳಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರಲ್ಲಿ 'ಬೇಟೆ' ಎಂಬ ಪದದ ಅರ್ಥವನ್ನು ಒಮ್ಮೆ ಓದಬೇಕು. ಬಂದೂಕು, ಬಲೆಗಳ ಜೊತೆಗೆ, ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಯನ್ನೋ ಗೂಡನ್ನೋ ಕದಲಿಸುವುದು ಕೂಡ ಬೇಟೆಯೇ. ಲಿಂಬಿ ಗಿಡದ ಕೆಳಗೆ ಬಿದ್ದ ನೀಲಿ ಮೊಟ್ಟೆಯನ್ನು ಒಳಗೆ ತಂದು ಶೋಕೇಸಿನಲ್ಲಿ ಇಟ್ಟರೆ ಕಾನೂನಿನ ಕಣ್ಣಿಗೆ ನಾನೂ ಬೇಟೆಗಾರನಂತೆ ಕಂಡೇನು.

ಇಷ್ಟೆಲ್ಲ ಹೇಳುವಾಗ ನಾವೆಲ್ಲ ಒಂದು ಮಾತನ್ನು ಯೋಚಿಸದೆ ಬಳಸುತ್ತೇವೆ: ದಿಕ್ಕಿಲ್ಲದ ಮೊಟ್ಟೆ. ನೆಲದ ಮೇಲೆ ಇರುವ ಮೊಟ್ಟೆಯೆಲ್ಲ ಬಿದ್ದದ್ದೇ? ಬೀಳಗಿ ಕಡೆಯ ಕೃಷ್ಣಾ ತೀರಕ್ಕೆ ಬೇಸಿಗೆಯಲ್ಲಿ ಹೋದವರಿಗೆ ಇದರ ಉತ್ತರ ಗೊತ್ತು. ಅಲ್ಲಿ ಟಿಟ್ಟಿಭ, ಅಂದರೆ ತೇನೆ ಹಕ್ಕಿ, ಬರಿ ನೆಲದಲ್ಲಿ ಸಣ್ಣ ತಗ್ಗು ಮಾಡಿ, ಸುತ್ತ ನಾಲ್ಕು ಹರಳು ಜೋಡಿಸಿ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ನಾಲ್ಕು, ಚೂಪು ತುದಿ ಒಳಮುಖವಾಗಿ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಕಾಲಿನ ಬುಡದಲ್ಲಿದ್ದರೂ ಕಾಣದು. ಬಿಸಿಲು ಏರಿದಾಗ ತಾಯಿ ಹೊಳೆಗೆ ಹೋಗಿ ಹೊಟ್ಟೆಯ ಗರಿ ತೊಯಿಸಿಕೊಂಡು ಬಂದು ಮೊಟ್ಟೆಗಳಿಗೆ ತಂಪು ಕೊಡುತ್ತದೆ. ನಮಗೆ ದಿಕ್ಕಿಲ್ಲದ್ದಾಗಿ ಕಂಡದ್ದು ಅದರ ತುಂಬಿದ ಮನೆ. ಅದನ್ನು ದಯೆಯಿಂದ ಎತ್ತಿಕೊಂಡು ಬಂದವನು ಶಮೀಕನಾಗುವುದಿಲ್ಲ, ಗೊತ್ತಿಲ್ಲದೆ ಹ್ಯೂಮನಾಗುತ್ತಾನೆ.

ಟಿಟ್ಟಿಭದ ಮೊಟ್ಟೆಯ ಕಥೆ ಪಂಚತಂತ್ರದಲ್ಲಿದೆ. ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿನ ಸುತ್ತಿನ ಕಿಸುಕಾಡು ನಾಡಿನವನಾದ ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಪಂಚತಂತ್ರವನ್ನು ಕನ್ನಡಕ್ಕೆ ತಂದವನು. ಕಡಲ ದಂಡೆಯಲ್ಲಿ ಮೊಟ್ಟೆ ಇಡುವುದು ಬೇಡ ಎಂದು ಹೆಣ್ಣು ಟಿಟ್ಟಿಭ ಹೇಳುತ್ತದೆ. ಕಡಲಿಗೆ ಅಷ್ಟು ಧೈರ್ಯವೆಲ್ಲಿ ಎಂದು ಗಂಡು ಜಂಬ ಕೊಚ್ಚುತ್ತದೆ. ಕಡಲು ಮೊಟ್ಟೆಗಳನ್ನು ಎಳೆದೊಯ್ಯುತ್ತದೆ. ಹಕ್ಕಿಗಳೆಲ್ಲ ಸೇರಿ ಗರುಡನ ಬಳಿ, ಗರುಡ ವಿಷ್ಣುವಿನ ಬಳಿ ಹೋಗಿ, ವಿಷ್ಣು ಬಾಣ ಹೂಡಿ ಹೆದರಿಸಿದ ಮೇಲೆ ಕಡಲು ಮೊಟ್ಟೆಗಳನ್ನು ಹಿಂದಿರುಗಿಸುತ್ತದೆ.

ಮುಳುಗಡೆ ನಾಡಿನಲ್ಲಿ ಕೂತು ಈ ಕಥೆ ಓದುವುದೇ ಬೇರೆ. 1964ರಲ್ಲಿ ಅಡಿಗಲ್ಲು ಬಿದ್ದು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಲೋಕಾರ್ಪಣೆ ಮಾಡಿದ ಆಲಮಟ್ಟಿ ಜಲಾಶಯದ ಹಿನ್ನೀರು ಬಾಗಲಕೋಟೆ, ಬೀಳಗಿ ತಾಲೂಕುಗಳ ಊರು, ಹೊಲ, ಗುಡಿ, ಗೋರಿಗಳನ್ನು ನುಂಗಿದೆ. ಪರಿಹಾರದ ಕಡತ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಗರುಡನ ಬಳಿಗೆ ಹೋದ ಹಕ್ಕಿಗಳ ದಾರಿ ಗೊತ್ತು. ನೀರಿನ ಮಟ್ಟ ಈಗ 519.60 ಮೀಟರ್; ಅದನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಅದೇ ಹಿನ್ನೀರಿಗೆ ರಾಜಹಂಸಗಳು ಬಂದಿಳಿಯುತ್ತವೆ ಎಂಬುದೂ ನಿಜ. ಬೇಸಿಗೆಯಲ್ಲಿ ನೀರು ಇಳಿದು ತೆರೆದ ನೆಲದಲ್ಲಿ ಹಕ್ಕಿ ಮೊಟ್ಟೆ ಇಡುತ್ತದೆ. ಅದೇ ನೆಲಕ್ಕೆ ದನಕರು ಮೇಯಲು ಇಳಿಯುತ್ತವೆ, ಕುಂಟೆ ಇಳಿಯುತ್ತದೆ. ನೆಲ ಕಳೆದುಕೊಂಡ ರೈತನೂ ನೆಲದಲ್ಲೇ ಗೂಡು ಮಾಡುವ ಹಕ್ಕಿಯೂ ಒಂದೇ ಅಂಗುಲಕ್ಕಾಗಿ ಕಾಯುತ್ತಾರೆ. ಮೊಟ್ಟೆ ಕಂಡಲ್ಲಿ ಎತ್ತು ತಿರುಗಿಸಿ, ಆ ಒಂದು ಮೊಳ ಬಿಟ್ಟು ಹರಗಿದರೆ ಸಾಕು; ಸುಮಾರು ಒಂದು ತಿಂಗಳಲ್ಲಿ ಮೊಟ್ಟೆ ಒಡೆದು, ಮರಿಗಳು ಕಾಲ ಮೇಲೆ ನಿಂತು ತಾವೇ ನಡೆದುಹೋಗುತ್ತವೆ.

ಬೀಳಗಿ ಮತ್ತು ಮುಧೋಳ ತಾಲೂಕುಗಳ ನಡುವಿನ ಯಡಹಳ್ಳಿಯ ಕುರುಚಲು ಕಾಡನ್ನು 2016ರಲ್ಲಿ ಚಿಂಕಾರ ವನ್ಯಜೀವಿ ಧಾಮ ಮಾಡಿದರು. ಸುಮಾರು 96 ಚದರ ಕಿಲೋಮೀಟರ್. ಹೆಸರು ಚಿಂಕಾರದ್ದು, ಆದರೆ ಇಂಥ ನೆಲ ಉಳಿದರೆ ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳೂ ಉಳಿಯುತ್ತವೆ. ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರ್ಲಡ್ಡು ಹಕ್ಕಿಯನ್ನು ನೋಡಬೇಕು. ದಖ್ಖನ್ನಿನ ಹುಲ್ಲುಗಾವಲಿನ ದೊರೆಯಂತಿದ್ದ ಈ ಹಕ್ಕಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ. ಬೇಟೆ, ಹುಲ್ಲುಗಾವಲಿನ ನಾಶ, ವಿದ್ಯುತ್ ತಂತಿಗಳು ಸೇರಿ ಈಗ ದೇಶದಲ್ಲೆಲ್ಲ ಕಾಡಿನಲ್ಲಿ ಉಳಿದಿರುವುದು ನೂರೈವತ್ತಕ್ಕೂ ಕಡಿಮೆ. ರಾಜಸ್ಥಾನದ ಜೈಸಲ್ಮೇರ್ ಬಳಿ 2019ರಿಂದ ವಿಜ್ಞಾನಿಗಳು ಅನುಮತಿ ಪಡೆದು ಬಯಲಿನಿಂದ ಅದರ ಮೊಟ್ಟೆ ಎತ್ತಿ ತಂದು, ಯಂತ್ರದ ಕಾವಿನಲ್ಲಿ ಮರಿ ಮಾಡಿಸಿ ಸಾಕುತ್ತಿದ್ದಾರೆ. ಶಮೀಕ ಮಾಡಿದ ಕೆಲಸವೇ. ಯುದ್ಧ ಮುಗಿದ ಮೇಲೆ, ಗಂಟೆ ಎತ್ತುವುದೊಂದೇ ಉಳಿದಾಗ ಮಾಡುವ ಕೆಲಸ. ಆ ಸ್ಥಿತಿ ಬರುವ ಮೊದಲೇ ಬಿಟ್ಟುಬಿಡುವುದು ಎಷ್ಟೋ ಸುಲಭವಾಗಿತ್ತು.

ದೊಡ್ಡವ್ವನ ಮಾತಿಗೆ ಬರುತ್ತೇನೆ. ಮನುಷ್ಯರ ವಾಸನೆ ಹತ್ತಿದರೆ ತಾಯಿ ಬರುವುದಿಲ್ಲ ಎಂಬುದು ನಿಜವಲ್ಲ. ಹೆಚ್ಚಿನ ಹಿತ್ತಲ ಹಕ್ಕಿಗಳು ವಾಸನೆಗಾಗಿ ಮರಿ-ಮೊಟ್ಟೆ ಬಿಡುವುದಿಲ್ಲ. ಮತ್ತೆ ಮತ್ತೆ ಹತ್ತಿರ ಹೋಗಿ ಗದ್ದಲ ಮಾಡಿದರೆ ಬಿಡಬಹುದು. ಆದರೆ ಆ ಸುಳ್ಳು ಎಷ್ಟು ತಲೆಮಾರಿನ ಮಕ್ಕಳ ಕೈಯನ್ನು ಗೂಡಿನಿಂದ ದೂರ ಇಟ್ಟಿತು ಎಂದು ನೆನೆದರೆ ಅವಳನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ. ಕಾನೂನು 1972ರಲ್ಲಿ ಹೇಳಿದ್ದನ್ನು ಅವಳು ಅವಳ ಅಜ್ಜಿಯಿಂದ ಕಲಿತಿದ್ದಳು.

ಗೂಡು ಕಣ್ಣಿಗೆ ಕಾಣುತ್ತಿದ್ದು, ಕೈಗೆ ಸಿಗುವಷ್ಟು ಎತ್ತರದಲ್ಲಿದ್ದರೆ, ಒಡೆಯದ ಮೊಟ್ಟೆಯನ್ನು ಮೆಲ್ಲಗೆ ಅದರಲ್ಲೇ ಇಟ್ಟು ಸರಿಯಬಹುದು. ನಮ್ಮ ಗೂಡು ಲಿಂಬಿ ಗಿಡದ ಮುಳ್ಳಿನ ನಡುವೆ, ಸ್ಟೂಲು ಹಾಕಿದರೆ ಕೈಗೆಟುಕುವಂತಿತ್ತು. ಒಳಗೆ ಇನ್ನೂ ಮೂರು, ಅದೇ ನೀಲಿ. ನಾಲ್ಕನೆಯದನ್ನು ಇಟ್ಟೆ. ಮುಂಗೈ ಪೂರ್ತಿ ಗೀರಿತು. ಇಳಿದು ನೋಡಿದರೆ ಹರಟೆಮಲ್ಲಗಳು ಗೋಡೆಯ ಮೇಲೆ ಸಾಲಾಗಿ ಕೂತು ನನ್ನನ್ನು ಬೈಯುತ್ತಿದ್ದವು. ಆಗಲೇ ಕರೆಂಟು ಬಂತು, ಮಗ್ಗಗಳು ಶುರುವಾದವು. ಆ ಸದ್ದಿನಲ್ಲಿ ಹಕ್ಕಿಗಳ ಬೈಗುಳ ಕೇಳದಾಯಿತು.

ಇಟ್ಟ ಮೊಟ್ಟೆ ಹರಟೆಮಲ್ಲನದೋ ಚಾತಕದ್ದೋ ನನಗೆ ಇನ್ನೂ ಗೊತ್ತಿಲ್ಲ. ಚಾತಕದ್ದಾಗಿದ್ದರೆ ಅದರ ಮರಿ, ಕೋಗಿಲೆಯ ಬಳಗದ ಕೆಲವು ಮರಿಗಳಂತೆ ಉಳಿದವನ್ನು ಗೂಡಿನಿಂದ ಹೊರಗೆ ತಳ್ಳುವುದಿಲ್ಲ ಎಂದು ಓದಿದ್ದೇನೆ. ಸಾಕುಮಕ್ಕಳ ಜೊತೆ ಬೆಳೆದುಬಿಡುತ್ತದೆ. ದೊಡ್ಡವ್ವ ಸಂಜೆ ಮತ್ತೆ ಕೇಳಿದಳು, ಯಾವುದರದ ಅದು ಅಂತ. "ಈ ಗಿಡದ್ದು" ಅಂದೆ. ಅವಳಿಗೆ ಅದು ಸಾಕಾಯಿತು.